19ನೇ ಶತಮಾನದ ಕಪ್ಪು ಜನಾಂಗದ ಮುದ್ರಕರು: ಫಲಕಕ್ಕೆ ಯಾರನ್ನ ಇಡೋಣ, ಮೊಳೆ ಜೋಡಣೆ ಹ್ಯಾಂಗ ತೋರಿಸೋಣ?

ಸೇಡಂರಸ್ತೆ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನ ಗ್ರಂಥಾಲಯದಾಗ ಏಪ್ರಿಲ್ 14ಕ್ಕ ಒಂದು ಸಣ್ಣ ಪ್ರದರ್ಶನ ಇಡ್ಲಕತ್ತೀವಿ. ತಮ್ಮ ಮಾತು ತಾವೇ ಅಚ್ಚು ಹಾಕಿಸಿದವರು ಅನ್ನೋದು ವಿಷಯ. 1920ರಾಗ ಅಂಬೇಡ್ಕರ್ ಅವರು ಶುರು ಮಾಡಿದ ಮೂಕನಾಯಕ ಪತ್ರಿಕೆಯ ಫಲಕ ತಯಾರ್ ಆಗ್ಯದ. ಅದರ ಬಾಜೂಕ ಅಮೆರಿಕದ ಕಪ್ಪು ಜನಾಂಗದ ಒಬ್ಬ ಮುದ್ರಕ-ಪ್ರಕಾಶಕರ ಬದುಕು ಇಡಬೇಕು ಅಂತ ವಿಚಾರ. ಎಲ್ಲರ ಬಾಯಾಗ ಬರೋ ಹೆಸರು ಗುಲಾಮಗಿರಿ ವಿರೋಧಿ ನಾಯಕ ಫ್ರೆಡರಿಕ್ ಡಗ್ಲಾಸ್. ಅವರನ್ನ 'ಮುದ್ರಕ' ಅಂತ ಕರದ್ರ ನಡೀತದೇನ್ರಿ? ಇಲ್ಲಂದ್ರ ಬ್ಯಾರೆ ಯಾರು?

ಇನ್ನೊಂದು. ಆ ಕಾಲದಾಗ ನಾಲ್ಕು ಪುಟದ ಒಂದು ವಾರಪತ್ರಿಕೆ ಹೊರಡಿಸಬೇಕಂದ್ರ ಎಷ್ಟು ಮಂದಿ, ಎಷ್ಟು ಮೊಳೆ (ಅಚ್ಚಿನ ಸೀಸದ ಅಕ್ಷರ), ಎಷ್ಟು ರೊಕ್ಕ ಬೇಕಿತ್ತು ಅನ್ನೋದು ಹುಡುಗರಿಗೆ ಅಂಕಿ-ಸಂಖ್ಯೆ ಸಮೇತ ತಿಳೀಬೇಕು. 'ಕಷ್ಟಪಟ್ಟು ಪತ್ರಿಕೆ ನಡೆಸಿದರು' ಅಂತ ಒಂದೇ ಸಾಲು ಬರದು ಕೈ ತೊಳಕೊಳ್ಳೋದು ಬ್ಯಾಡ.

ಬಂದ್ ಆದ ಒಂದು ಛಾಪಖಾನಿಯಿಂದ ಟ್ರೆಡಲ್ ಮಷಿನ್ (ಕಾಲಿಲೆ ತುಳಿಯೋ ಅಚ್ಚಿನ ಮಷಿನ್), ಎರಡು ಕೇಸು (ಖಾನಿ ಇರೋ ಮೊಳೆ ಪೆಟ್ಟಿಗಿ) ಇಂಗ್ಲಿಷ್ ಮೊಳೆ, ಒಂದು ಸ್ಟಿಕ್ (ಕೈಯಾಗ ಹಿಡದು ಸಾಲು ಜೋಡಿಸೋ ಪಟ್ಟಿ), ಎರಡು ಗ್ಯಾಲಿ (ಜೋಡಿಸಿದ ಸಾಲು ಇಡೋ ತಟ್ಟಿ) ಸಿಕ್ಕಾವ. ಕನ್ನಡ ಮೊಳೆ ಅರ್ಧಂಬರ್ಧ ಅದಾವ, ಒತ್ತಕ್ಷರ ಪೂರಾ ಇಲ್ಲ. ಅರ್ಧ ತಾಸಿನ್ಯಾಗ ಏನು ಮಾಡಿ ತೋರಿಸಬಹುದು?

ಬೀದರಕೋಟೆ (ಬೀದರ)

ಅಕ್ಕಾರ, ಡಗ್ಲಾಸ್ ಅವರ ಚಿತ್ರದ ಕೆಳಗೆ 'ಮುದ್ರಕ' ಎಂದು ಬರೆಯಬೇಡಿ. ಅವರು ಸಂಪಾದಕ ಮತ್ತು ಮಾಲೀಕ. 1847ರ ಡಿಸೆಂಬರ್ 3ರಂದು ರಾಚೆಸ್ಟರ್ ಊರಿನಿಂದ 'ನಾರ್ತ್ ಸ್ಟಾರ್' ಪತ್ರಿಕೆ ಹೊರಟಾಗ ಸಂಪಾದಕತ್ವದಲ್ಲಿ ಜೊತೆಗಿದ್ದವರು ಮಾರ್ಟಿನ್ ಡಿಲೇನಿ, ಪ್ರಕಾಶಕರ ಹೆಸರು ವಿಲಿಯಂ ನೆಲ್, ಅಚ್ಚಿನ ಕೆಲಸ ನೋಡಿಕೊಂಡವರು ಇಂಗ್ಲೆಂಡಿನಿಂದ ಬಂದ ಜಾನ್ ಡಿಕ್. ಡಗ್ಲಾಸರ ಮಕ್ಕಳು ಮುಂದೆ ಅದೇ ಕಚೇರಿಯಲ್ಲಿ ಮೊಳೆ ಜೋಡಿಸಲು ಕಲಿತರು, ಆ ಮಾತು ಬೇರೆ. ಒಂದು ಪತ್ರಿಕೆಯ ಹಿಂದಿನ ಈ ನಾಲ್ಕೈದು ಕೆಲಸಗಳನ್ನು ಒಬ್ಬರ ತಲೆಗೆ ಕಟ್ಟಿದರೆ ಹುಡುಗರಿಗೆ ಅಚ್ಚುಕೂಟ ಹೇಗೆ ನಡೆಯುತ್ತಿತ್ತು ಎಂಬುದೇ ತಿಳಿಯುವುದಿಲ್ಲ.

ಕಸುಬಿನಿಂದಲೇ ಮುದ್ರಕ ಅನ್ನಿಸಿಕೊಂಡವರು ಬೇಕೆಂದರೆ ಬಾಸ್ಟನ್ನಿನ ಬೆಂಜಮಿನ್ ಎಫ್. ರಾಬರ್ಟ್ಸ್ ಅವರನ್ನು ಇಡಿ. ನನ್ನ ಮಟ್ಟಿಗೆ ನಿಮ್ಮ ವಿಷಯಕ್ಕೆ ಡಗ್ಲಾಸರಿಗಿಂತ ಇವರೇ ಹೆಚ್ಚು ಹೊಂದುತ್ತಾರೆ.

1815ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟು. ತಂದೆ ರಾಬರ್ಟ್ ರಾಬರ್ಟ್ಸ್ ಸಿರಿವಂತರ ಮನೆಯಲ್ಲಿ ಬಟ್ಲರ್ ಆಗಿದ್ದವರು. ಮನೆಗೆಲಸದವರಿಗೆ ದೀಪ ಒರೆಸುವುದರಿಂದ ಹಿಡಿದು ಊಟ ಬಡಿಸುವವರೆಗೆ ಎಲ್ಲವನ್ನೂ ಹೇಳಿಕೊಡುವ ಕೈಪಿಡಿ ಬರೆದು 1827ರಲ್ಲಿ ಅಚ್ಚು ಹಾಕಿಸಿದರು. ಕಪ್ಪು ಜನಾಂಗದವರೇ ನಡೆಸಿದ ಮೊದಲ ಪತ್ರಿಕೆ 'ಫ್ರೀಡಮ್ಸ್ ಜರ್ನಲ್' ನ್ಯೂಯಾರ್ಕಿನಲ್ಲಿ ಶುರುವಾದದ್ದೂ ಅದೇ ವರ್ಷ, ಮಾರ್ಚ್ 16ಕ್ಕೆ. ತಾಯಿಯ ಕಡೆ ಈಸ್ಟನ್ ಮನೆತನ. ತಾತ ಜೇಮ್ಸ್ ಈಸ್ಟನ್ ಕಬ್ಬಿಣದ ಕೆಲಸಗಾರ. ಚರ್ಚಿನಲ್ಲಿ ಕಪ್ಪು ಜನರಿಗೆಂದು ಬೇರೆ ಇಟ್ಟಿದ್ದ ಜಾಗದಲ್ಲಿ ಕೂರುವುದಿಲ್ಲ ಎಂದು ಹಟ ಹಿಡಿದವರು, ಕಪ್ಪು ಹುಡುಗರಿಗೆ ಕಸುಬು ಕಲಿಸುವ ಶಾಲೆಯನ್ನೂ ನಡೆಸಿದವರು. ಇದನ್ನು ಫಲಕದಲ್ಲಿ ಬಿಡಬೇಡಿ, ಏಕೆಂದರೆ ಮೊಮ್ಮಗನ ಇಡೀ ಬದುಕಿನ ಬೇರು ಇಲ್ಲೇ ಇದೆ.

1838ರಲ್ಲಿ ರಾಬರ್ಟ್ಸ್ 'ಆಂಟಿ-ಸ್ಲೇವರಿ ಹೆರಾಲ್ಡ್' ಎಂಬ ಪತ್ರಿಕೆ ಶುರು ಮಾಡಿದರು. ಗುಲಾಮಗಿರಿ ವಿರೋಧಿಸುವ ಪತ್ರಿಕೆಗಳು ಬಾಸ್ಟನ್ನಿನಲ್ಲಿ ಮೊದಲೇ ಇದ್ದವು. ಇವರ ಉದ್ದೇಶ ಅಷ್ಟೇ ಆಗಿರಲಿಲ್ಲ. ಕಪ್ಪು ಹುಡುಗರು ಅಚ್ಚಿನ ಕೆಲಸ ಕಲಿಯಲು ಒಂದು ಜಾಗ ಬೇಕು, ಪತ್ರಿಕೆ ಆ ಜಾಗವನ್ನು ಸಾಕಬೇಕು ಎಂಬ ಲೆಕ್ಕ. ಬಿಳಿಯರ ಅಚ್ಚುಕೂಟಗಳು ಶಿಷ್ಯರಾಗಿ ಅವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಗುಲಾಮಗಿರಿ ವಿರೋಧಿ ಚಳವಳಿಯ ಬಿಳಿಯ ಗೆಳೆಯರಿಂದ ನಿರೀಕ್ಷಿಸಿದ ಬೆಂಬಲ ಸಿಗಲಿಲ್ಲ, ಅದನ್ನು ಅವರು ಕಟುವಾಗಿಯೇ ಬರೆದು ತಿಳಿಸಿದರು. ಪತ್ರಿಕೆ ಬಹಳ ದಿನ ಬಾಳಲಿಲ್ಲ. ಕಸುಬು ಮಾತ್ರ ಬಿಡಲಿಲ್ಲ. 1844ರಲ್ಲಿ ರಾಬರ್ಟ್ ಬೆಂಜಮಿನ್ ಲೂಯಿಸ್ ಬರೆದ 'ಲೈಟ್ ಅಂಡ್ ಟ್ರೂತ್' ಎಂಬ 400 ಪುಟದ ಇತಿಹಾಸ ಗ್ರಂಥ ಅಚ್ಚಾಗಿದ್ದು ಇವರ ಕೈಯಲ್ಲಿ. ಬರೆದವರು, ದುಡ್ಡು ಹಾಕಿದ ಸಮಿತಿ, ಮುದ್ರಕ, ಮೂರೂ ಕಡೆ ಕಪ್ಪು ಜನರೇ. ಫಲಕಕ್ಕೆ ಇದಕ್ಕಿಂತ ಒಳ್ಳೆಯ ಸಂಗತಿ ಹುಡುಕಿದರೂ ಸಿಗದು.

ಮುಂದೆ ಮಗಳು ಸಾರಾಳ ಮೊಕದ್ದಮೆ. ಐದು ವರ್ಷದ ಹುಡುಗಿ. ಮನೆಯಿಂದ ಕಪ್ಪು ಮಕ್ಕಳ ಶಾಲೆಗೆ ಹೋಗುವ ದಾರಿಯಲ್ಲಿ ಬಿಳಿಯ ಮಕ್ಕಳ ಐದು ಶಾಲೆ ದಾಟಬೇಕು. ಹತ್ತಿರದ ಶಾಲೆಗೆ ಸೇರಿಸಿಕೊಳ್ಳಲಿಲ್ಲ. ಸರಕಾರಿ ಶಾಲೆಯಿಂದ ಮಗುವನ್ನು ಅಕ್ರಮವಾಗಿ ಹೊರಗಿಟ್ಟರೆ ನಷ್ಟ ಪರಿಹಾರ ಕೇಳಬಹುದು ಎಂಬ 1845ರ ಮ್ಯಾಸಚೂಸೆಟ್ಸ್ ಕಾಯ್ದೆ ಹಿಡಿದು ರಾಬರ್ಟ್ಸ್ ಬಾಸ್ಟನ್ ನಗರದ ಮೇಲೆಯೇ ದಾವೆ ಹೂಡಿದರು. ವಾದಿಸಿದವರು ಕಪ್ಪು ವಕೀಲ ರಾಬರ್ಟ್ ಮಾರಿಸ್ ಮತ್ತು ಬಿಳಿಯ ವಕೀಲ ಚಾರ್ಲ್ಸ್ ಸಮ್ನರ್. 1849ರ ಕೊನೆಗೆ ವಾದ, 1850ರಲ್ಲಿ ತೀರ್ಪು, ಸೋಲು. ಸುಮ್ಮನಾಗಲಿಲ್ಲ. ಅರ್ಜಿ, ಸಭೆ, ಕರಪತ್ರ ಎಂದು ನಡೆದ ಹೋರಾಟದ ಫಲವಾಗಿ 1855ರಲ್ಲಿ ಆ ರಾಜ್ಯದ ಶಾಲೆಗಳಲ್ಲಿ ಬಣ್ಣದ ಭೇದ ಮಾಡಬಾರದೆಂದು ಕಾನೂನಾಯಿತು. ಆದರೆ ಸೋತ ತೀರ್ಪು ಸಾಯಲಿಲ್ಲ. 1896ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 'ಬೇರೆ ಆದರೂ ಸಮಾನ' ಎಂಬ ವಾದ ಎತ್ತಿ ಹಿಡಿದಾಗ ಇದನ್ನೇ ಉಲ್ಲೇಖಿಸಿತು. ಫಲಕದಲ್ಲಿ ಎರಡನ್ನೂ ಬರೆಯಿರಿ. 1855 ಒಂದನ್ನೇ ಬರೆದು ಸುಖಾಂತ ಮಾಡಿದರೆ ಅದು ಅರ್ಧ ಸತ್ಯ.

1853ರಲ್ಲಿ 'ಸೆಲ್ಫ್ ಎಲಿವೇಟರ್' ಎಂದು ಇನ್ನೊಂದು ಪತ್ರಿಕೆ ತಂದರು, ಅದೂ ಬೇಗ ನಿಂತಿತು. ತೀರಿಕೊಂಡದ್ದು 1881ರಲ್ಲಿ.

ಮೂಕನಾಯಕಕ್ಕೂ ಇದಕ್ಕೂ ನಡುವೆ ಒಂದು ಕೊಂಡಿ ಬೇಕೆನಿಸಿದರೆ ಜ್ಯೋತಿಬಾ ಫುಲೆಯವರ 1873ರ 'ಗುಲಾಮಗಿರಿ'ಯ ಅರ್ಪಣೆಯ ಪುಟ ಇಡಿ. ಗುಲಾಮಗಿರಿ ಕೊನೆಗಾಣಿಸಿದ್ದಕ್ಕಾಗಿ ಅದನ್ನು ಅಮೆರಿಕದ ಜನರಿಗೇ ಅರ್ಪಿಸಿದ್ದಾರೆ.

ಮೊಳೆಪೆಟ್ಟಿಗೆ (ಕಲಬುರಗಿ)

ಬೀದರದ ಸರ್ ಹೇಳಿದ್ದು ಬರೋಬ್ಬರಿ ಅದ. ನಾ ಮೊಳಿ ಲೆಕ್ಕ ಹೇಳ್ತೀನಿ. ಇದು ಯಾವುದೋ ಒಂದು ಪತ್ರಿಕಾದ ಅಳತಿ ಅಲ್ರಿ, ಆ ಕಾಲದ ವಾರಪತ್ರಿಕಾ ಹ್ಯಾಂಗ ಇರ್ತಿತ್ತೋ ಆ ನಮೂನಿ ಲೆಕ್ಕ. ಫಲಕದ ಮ್ಯಾಲ 'ನಮೂನೆ ಲೆಕ್ಕ' ಅಂತ ಬರೀರಿ.

ನಾಲ್ಕು ಪುಟ ಅಂದ್ರ ಒಂದೇ ದೊಡ್ಡ ಹಾಳಿ, ನಡುವ ಒಂದು ಮಡಿಕಿ. ಪುಟಕ್ಕ 6 ಕಾಲಂ, ಕಾಲಂ ಉದ್ದ 20 ಇಂಚು, ಅಗಲ 13 ಪೈಕಾ (6 ಪೈಕಾ ಅಂದ್ರ ಒಂದು ಇಂಚು), ಮೊಳಿ 8 ಪಾಯಿಂಟ್ (72 ಪಾಯಿಂಟ್ ಅಂದ್ರ ಒಂದು ಇಂಚು) ಅಂತ ಹಿಡೀರಿ. 20 ಇಂಚಿನ್ಯಾಗ 180 ಸಾಲು ಕೂಡ್ತಾವ. ಸಾಲಿಗೆ ಹತ್ತೊಂಬತ್ತೂವರಿ ಎಮ್. ಎಮ್ ಅಂದ್ರ ಮೊಳಿ ಎಷ್ಟು ಎತ್ತರನೋ ಅಷ್ಟೇ ಅಗಲದ ಚೌಕ, ಜೋಡಣಿ ಕೂಲಿ ಇದರ ಮ್ಯಾಲೇ ಕೊಡ್ತಿದ್ರು. ಕಾಲಂಗೆ ಸುಮಾರು 3,500 ಎಮ್, 24 ಕಾಲಂಗೆ 84,000.

ಪಳಗಿದ ಕಂಪಾಜಿಟರ್ ತಾಸಿಗೆ 1,000 ಎಮ್ ಜೋಡಿಸ್ತಾನ. ಆದ್ರ ಅದು ಖಾಲಿ ಜೋಡಣಿ ಲೆಕ್ಕ. ಪ್ರೂಫ್ ತಿದ್ದೋದು, ಅಚ್ಚಾದ ಮ್ಯಾಲ ಮೊಳಿ ವಾಪಸ್ ಅದರದರ ಖಾನಿಗೆ ಹಾಕೋದು (ಡಿಸ್ಟ್ರಿಬ್ಯೂಷನ್) ಸೇರಿಸಿದ್ರ ತಾಸಿಗೆ 700ರ ಮ್ಯಾಲ ಬೀಳಂಗಿಲ್ಲ. ಅಲ್ಲಿಗೆ 120 ತಾಸು. ದಿನಕ್ಕ 10 ತಾಸಿನಂಗ ವಾರಕ್ಕ ಆರು ದಿನ ಕೆಲಸ ಮಾಡೋ ಇಬ್ಬರು ಆಳು ಪೂರಾ ಬೇಕು. ತಲಿಬರಹ, ಜಾಹೀರಾತು, ಲೇಖನ ತಡ ಆಗೋದು ಎಲ್ಲಾ ಹಿಡದ್ರ ಮೂವರು. ಜಾಹೀರಾತು ವಾರಗಟ್ಟಲೇ ಅದೇ ನಿಂತಿದ್ರ ಆ ಮೊಳಿ ಕಳಚೋದಿಲ್ಲ, ಅಷ್ಟು ಕೂಲಿ ಉಳೀತದ. ಹಳೀ ಪತ್ರಿಕಾದಾಗ ಅದೇ ಜಾಹೀರಾತು ತಿಂಗಳಗಟ್ಟಲೇ ಯಾಕ ಕಾಣ್ತದ ಅಂದ್ರ ಇದಕ್ಕೇ.

ತೂಕ: ಜೋಡಿಸಿದ ಮೊಳಿ ನಾಲ್ಕು ಚದರ ಇಂಚಿಗೆ ಸುಮಾರು ಒಂದು ಪೌಂಡ್. ಮ್ಯಾಲಿನ ಅಳತಿ ಪುಟ, ಕಾಲಂ ನಡುವಿನ ಗೆರಿ ಹಿಡದು, ಸುಮಾರು 270 ಚದರ ಇಂಚು, ಅಂದ್ರ 67 ಪೌಂಡ್, ನಮ್ಮ ಲೆಕ್ಕದಾಗ 30 ಕಿಲೋ. ನಾಲ್ಕು ಪುಟಕ್ಕ 120 ಕಿಲೋ. ಆದ್ರ 120 ಕಿಲೋ ತಂದ್ರ ಕೆಲಸ ನಡೆಯಂಗಿಲ್ಲ. ಇಂಗ್ಲಿಷಿನ್ಯಾಗ 'ಇ' ಮೊದಲು ಖಾಲಿ ಆಗ್ತದ, 'ಝಡ್' ಹಂಗೇ ಕುಂತಿರ್ತದ. ಒಂದು ಅಕ್ಷರ ತೀರಿದ್ರ ಇಡೀ ಪುಟ ನಿಂತಂಗ. ಅದಕ್ಕ ಬೇಕಾದ್ದರ ಒಂದೂವರಿ ಪಟ್ಟು ಇಟ್ಕೋಬೇಕು, 180 ಕಿಲೋ.

ಇನ್ನ ಅಚ್ಚು. ಕೈಮಷಿನ್ ಮ್ಯಾಲ ಇಬ್ಬರು. ಒಬ್ಬ ಮಸಿ ರೋಲರ್ ಎಳೀತಾನ, ಇನ್ನೊಬ್ಬ ಹಾಳಿ ಹಾಕಿ ಹಿಡಿ ಜಗ್ಗತಾನ. ತಾಸಿಗೆ 250 ಹಾಳಿ, ಅದೂ ಒಂದೇ ಮಗ್ಗಲು. 3,000 ಪ್ರತಿ, ಎರಡು ಮಗ್ಗಲು, 6,000 ಒತ್ತು. ನಿಲ್ಲದಂಗ ಹೊಡದ್ರೂ 24 ತಾಸು. ಹಾಳಿ ಹಿಂದಿನ ರಾತ್ರಿನೇ ನೀರು ಮುಟ್ಟಿಸಿ, ಭಾರ ಹೇರಿ ಇಡಬೇಕು. ಆಗಿನ ಚಿಂದಿಬಟ್ಟಿ ಹಾಳಿ ಗಡಸು, ಒಣಗಿದ್ರ ಎಣ್ಣಿ ಮಸಿ ಹಿಡೀತಿರಲಿಲ್ಲ, ಅಕ್ಷರ ತ್ಯಾಪಿ ತ್ಯಾಪಿ ಬೀಳ್ತಿತ್ತು. ನೀರು ಜಾಸ್ತಿ ಆದ್ರ ಹಾಳಿ ಹರೀತದ, ಮಸಿ ಹರಡ್ತದ. ಒಂದು ಮಗ್ಗಲು ಹೊಡೆಯೋ ಮುಂದ ಹಾಳಿಯಾಗ ಎರಡು ಮುಳ್ಳಿನ ತೂತು ಬೀಳಂಗ ಮಾಡಿ, ಎರಡನೇ ಮಗ್ಗಲಿಗೆ ಅದೇ ತೂತಿನ್ಯಾಗ ಮುಳ್ಳು ಕೂಡಿಸ್ತಿದ್ರು. ಈ ನಡುವ ಹಾಳಿ ಒಣಗಿ ಕುಗ್ಗಿದ್ರ ತೂತು ಕೂಡಂಗಿಲ್ಲ, ಹಿಂದಿನ ಕಾಲಂ ಮುಂದಿನದ್ದಕ್ಕ ವಾರಿ ಆಗಿ ಬೀಳ್ತದ.

ಸರ್ ಹೇಳಿದ 400 ಪುಟದ ಪುಸ್ತಕಕ್ಕೂ ಹಿಂಗೇ ಲೆಕ್ಕ ಹಾಕ್ರಿ. ಹಾಳಿಗೆ 16 ಪುಟ ಹಿಡದ್ರ 25 ಹಾಳಿ. ಸಾವಿರ ಪ್ರತಿ ಅಂತ ಸುಮ್ನೆ ಹಿಡೀರಿ, 50,000 ಒತ್ತು, 200 ತಾಸು, ಹತ್ತು ತಾಸಿನ 20 ದಿನ. ಅದು ಖಾಲಿ ಮಷಿನ್ ಕೆಲಸ. 400 ಪುಟದ ಮೊಳಿ ಒಮ್ಮೇಲೇ ಯಾವ ಸಣ್ಣ ಛಾಪಖಾನಿಯಾಗೂ ಇರ್ತಿರಲಿಲ್ಲ. 16 ಪುಟ ಜೋಡಿಸಬೇಕು, ಹೊಡೀಬೇಕು, ಮೊಳಿ ಕಳಚಿ ಮುಂದಿನ 16ಕ್ಕ ಕೈ ಹಾಕಬೇಕು. ಬರದವರು ಪ್ರೂಫ್ ತಡ ಮಾಡಿದ್ರ ಮೊಳಿ ಅಲ್ಲೇ ಸಿಗಿಬಿದ್ದಿರ್ತದ, ಮುಂದಿನ ಕೆಲಸ ಬಂದ್. ಒಮ್ಮೆ ಕಳಚಿದ ಮ್ಯಾಲ ತಪ್ಪು ಸಿಕ್ರೂ ತಿದ್ದಲಿಕ್ಕ ಬರಂಗಿಲ್ಲ, ಕಡೀಕ ಒಪ್ಪೋಲೆ (ತಪ್ಪು-ಒಪ್ಪು ಪಟ್ಟಿ) ಹಚ್ಚೋದೇ ದಾರಿ.

ಸೇಡಂರಸ್ತೆ

ಭಾಳ ಉಪಕಾರ ಆಯ್ತು ಇಬ್ಬರಿಗೂ. ರಾಬರ್ಟ್ಸ್ ಅವರನ್ನೇ ಇಡ್ತೀವಿ, ಪಕ್ಕಾ. ಆದ್ರ ಡಗ್ಲಾಸ್ ಪೂರಾ ಬಿಡಲಿಕ್ಕ ಮನಸ್ಸಿಲ್ಲ, ರೊಕ್ಕದ ಲೆಕ್ಕಕ್ಕ ಅವರನ್ನ ತಗೋಬಹುದಾ? ತಮ್ಮದೇ ಮಷಿನ್ ತಂದಿದ್ರು ಅಂತ ಓದೀನಿ. ಹಂಗಿದ್ರ ಖರ್ಚು ಕಡಿಮಿ ಆಗಬೇಕಿತ್ತಲ್ಲ?

ಖಾತೆಪುಸ್ತಕ (ಯಾದಗಿರಿ)

ಮಷಿನ್ ತಂದಿದ್ದು ಖರೆ. ಬ್ರಿಟನ್ನಿನ ಗೆಳೆಯರು ಕೂಡಿಸಿ ಕೊಟ್ಟ ಎರಡು ಸಾವಿರಕ್ಕೂ ಮಿಕ್ಕಿದ ಡಾಲರ್‌ಗಳಲ್ಲಿ ಮಷಿನ್ನು, ಮೊಳೆ, ಸಾಮಾನು ಕೊಂಡರು. ಆ ಮಷಿನ್ ಕೆಲಸಕ್ಕೆ ಬರಲಿಲ್ಲ. ಮೊಳೆ ಜೋಡಣೆ ತಮ್ಮ ಕಚೇರಿಯಲ್ಲಿ, ಅಚ್ಚು ಮಾತ್ರ ಹೊರಗಿನ ಅಚ್ಚುಕೂಟದಲ್ಲಿ ಎಂದು ಮಾಡಿಕೊಂಡರು. ಮೇಲೆ ಮೊಳೆಪೆಟ್ಟಿಗೆ ಅಣ್ಣ ಕೊಟ್ಟ 24 ತಾಸಿನ ಲೆಕ್ಕ ನೋಡಿದರೆ ಇದು ಸರಿಯಾದ ಏರ್ಪಾಡೇ. ಸಿಲಿಂಡರ್ ಮಷಿನ್ ಇದ್ದವರು ತಾಸಿಗೆ ಸಾವಿರದ ಮೇಲೆ ಹೊಡೆಯುತ್ತಿದ್ದರು. ವಾರಕ್ಕೊಮ್ಮೆ ಅವರಿಗೆ ಕೂಲಿ ಕೊಡುವುದು, ಇಬ್ಬರು ಆಳಿಟ್ಟು ಕೈಮಷಿನ್ ತಿಕ್ಕುವುದಕ್ಕಿಂತ ಅಗ್ಗ. ನಮ್ಮ ಕಡೆ ಸಣ್ಣ ಪತ್ರಿಕೆಗಳು ಪುಟ ತಾವು ಕಟ್ಟಿ, ಆಫ್‌ಸೆಟ್ ಕೆಲಸ ಹೊರಗೆ ಕೊಡುತ್ತವಲ್ಲ, ಅದೇ ಪದ್ಧತಿ.

ದುಡ್ಡು ನುಂಗಿದ್ದು ಮಷಿನ್ ಅಲ್ಲ, ಬಾಕಿ. ಡಗ್ಲಾಸ್ ತಮ್ಮ ಆತ್ಮಕತೆಯಲ್ಲಿ ಎರಡು ಅಂಕಿ ಕೊಟ್ಟಿದ್ದಾರೆ: ವಾರದ ಖರ್ಚು 80 ಡಾಲರ್, ಸರಾಸರಿ ಚಂದಾದಾರರು 3,000. ವರ್ಷದ ಚಂದಾ 2 ಡಾಲರ್, ಮುಂಗಡ. ಈಗ ಗುಣಿಸಿ ನೋಡಿ. ವರ್ಷದ ಖರ್ಚು 80 ಗುಣಿಲೆ 52, ಅಂದರೆ 4,160. ಆದಾಯ 3,000 ಗುಣಿಲೆ 2, ಅಂದರೆ 6,000. ಕಾಗದದ ಮೇಲೆ 1,840 ಡಾಲರ್ ಲಾಭ! ಅಂಥವರು ಮನೆ ಒತ್ತೆ ಇಟ್ಟದ್ದು ಯಾಕೆ?

4,160 ಹುಟ್ಟಬೇಕಾದರೆ 2,080 ಜನ ಪೂರಾ ದುಡ್ಡು ಕೊಡಬೇಕು. ಚಂದಾದಾರರ ಪಟ್ಟಿಯಲ್ಲಿ ಹೆಸರು ಇರುವುದು ಬೇರೆ, ದುಡ್ಡು ಕೈ ಸೇರುವುದು ಬೇರೆ. ಮುಂಗಡ ಎಂದು ಪ್ರತಿ ಸಂಚಿಕೆಯಲ್ಲಿ ಅಚ್ಚು ಹಾಕಿದರೂ ದುಡ್ಡು ಬಾರದವರಿಗೆ ಪತ್ರಿಕೆ ನಿಲ್ಲಿಸುವುದು ಸುಲಭವಲ್ಲ, ನಿಲ್ಲಿಸಿದರೆ ಓದುಗ ಹೋದ, ಕಳಿಸಿದರೆ ಕಾಗದ ಹೋಯಿತು. ಓದುಗರಿಗೂ 2 ಡಾಲರಿಗೆ ಮುಗಿಯುತ್ತಿರಲಿಲ್ಲ. ಆಗಿನ ಅಂಚೆ ನಿಯಮದಲ್ಲಿ ಪತ್ರಿಕೆಯ ಅಂಚೆ ವೆಚ್ಚ ಸಾಮಾನ್ಯವಾಗಿ ಪಡೆದವರ ತಲೆಗೆ. ರಾಜ್ಯದೊಳಗೆ ಅಥವಾ 100 ಮೈಲಿ ತನಕ ಒಂದು ಸೆಂಟ್, ಅದರಾಚೆ ಒಂದೂವರೆ. 52 ವಾರಕ್ಕೆ 52ರಿಂದ 78 ಸೆಂಟ್ ಮೇಲ್ಖರ್ಚು. ದಿನಗೂಲಿ ಮಾಡುವವರಿಗೆ ಇದು ಸಣ್ಣ ಮಾತಲ್ಲ. ಒಂದು ಪ್ರತಿ ಹತ್ತು ಕೈ ತಿರುಗಿದರೆ ಓದುಗರು ಹೆಚ್ಚಿದರು, ಚಂದಾ ಹೆಚ್ಚಲಿಲ್ಲ.

ಜಾಹೀರಾತು ಕೈ ಹಿಡಿಯುತ್ತಿತ್ತೇ? ನಾರ್ತ್ ಸ್ಟಾರ್ ದರ: ಹತ್ತು ಸಾಲಿನ ಒಳಗಿನದ್ದು ಮೂರು ಬಾರಿಗೆ ಒಂದು ಡಾಲರ್, ಮುಂದೆ ಪ್ರತಿ ಬಾರಿಗೆ 25 ಸೆಂಟ್. ಅಂಥವು ಹತ್ತು ನಿಂತಿದ್ದರೂ ವಾರಕ್ಕೆ ಎರಡೂವರೆ, ಮೂರು ಡಾಲರ್. 80ರ ಮುಂದೆ ಅದು ಎಲ್ಲಿ ಸಾಲುತ್ತದೆ?

ಹಾಗಾಗಿ ಊರೂರು ತಿರುಗಿ ಚಂದಾ ಎತ್ತುವುದೇ ಸಂಪಾದಕರ ಕೆಲಸವಾಯಿತು. ಡಿಲೇನಿ ಓಹಾಯೋ ಕಡೆ ತಿರುಗಿದರು, 1849ರಲ್ಲಿ ಪತ್ರಿಕೆ ಬಿಟ್ಟರು. ಡಗ್ಲಾಸರ ಭಾಷಣಗಳ ದುಡ್ಡೂ ಇದಕ್ಕೇ ಸುರಿಯಿತು. ದಡ ಮುಟ್ಟಿಸಿದವರು ಇಂಗ್ಲೆಂಡಿನಿಂದ ಬಂದ ಜೂಲಿಯಾ ಗ್ರಿಫಿತ್ಸ್. ಲೆಕ್ಕಪತ್ರ ತಮ್ಮ ಕೈಗೆ ತಗೊಂಡು ಒಂದೇ ವರ್ಷದಲ್ಲಿ ಪ್ರಸಾರವನ್ನು 2,000ದಿಂದ 4,000ಕ್ಕೆ ಏರಿಸಿದರು, ಸಾಲ ತೀರಿಸಿದರು, ಮನೆ ಒತ್ತೆಯಿಂದ ಬಿಡಿಸಿದರು. ಇದನ್ನು ಡಗ್ಲಾಸರೇ ಬರೆದಿದ್ದಾರೆ. 2,080ರ ಗಡಿಯ ಎರಡೂ ಮಗ್ಗುಲಲ್ಲಿ ಈ ಎರಡು ಅಂಕಿ ಎಲ್ಲಿ ಬೀಳುತ್ತವೆ ನೋಡಿ. ಸಂಪಾದಕೀಯ ಓದಿ ತಿಳಿಯದ್ದು ಇಲ್ಲಿ ತಿಳಿಯುತ್ತದೆ. 1851ರಲ್ಲಿ ಗೆರಿಟ್ ಸ್ಮಿತ್ ಅವರ ಪತ್ರಿಕೆಯ ಜೊತೆ ಕೂಡಿಸಿ 'ಫ್ರೆಡರಿಕ್ ಡಗ್ಲಾಸ್ ಪೇಪರ್' ಎಂದು ಹೆಸರು ಬದಲಿಸಿದರು.

ಪುಟ ತುಂಬಿಸುವುದಕ್ಕೆ ಮಾತ್ರ ಒಂದು ಅನುಕೂಲ ಇತ್ತು. ಪತ್ರಿಕೆಯಿಂದ ಪತ್ರಿಕೆಗೆ ಕಳಿಸುವ ವಿನಿಮಯ ಪ್ರತಿಗೆ ಅಂಚೆ ಪುಕ್ಕಟೆ. ಕತ್ತರಿ ಹಿಡಿದು ಕೂತರೆ ದೂರದೂರುಗಳ ಸುದ್ದಿ ಸಿಗುತ್ತಿತ್ತು.

ಬೀದರಕೋಟೆ

ಖಾತೆಪುಸ್ತಕ ಅವರ ಲೆಕ್ಕ ಒಪ್ಪುತ್ತೇನೆ, ಆದರೆ ಅದನ್ನು ರಾಬರ್ಟ್ಸ್ ಮೇಲೆ ಹಾಗೇ ಹೊದಿಸಬೇಡಿ. ಡಗ್ಲಾಸರಿಗೆ ಸಾಗರದಾಚೆಯ ದಾನಿಗಳಿದ್ದರು, ಹೆಸರಿತ್ತು. ಅಚ್ಚುಕೂಟ ನಂಬಿ ಬದುಕುವವರಿಗೆ ತೊಂದರೆ ಇನ್ನೂ ಮೊದಲೇ, ಕಸುಬಿನ ಬಾಗಿಲಲ್ಲೇ ಶುರು. ಮೊಳೆ ಜೋಡಣೆ ಪುಸ್ತಕ ಓದಿ ಬರುವ ವಿದ್ಯೆಯಲ್ಲ, ಹಲವು ವರ್ಷ ಒಬ್ಬರ ಕೈಕೆಳಗೆ ಇರಬೇಕು. ಅಲ್ಲಿ ಸೇರಿಸದಿದ್ದರೆ ಮುಂದೆ ಯಾವ ಹಕ್ಕು ಕೊಟ್ಟರೂ ಕೆಲಸಕ್ಕೆ ಬಾರದು.

ಇದು ಗುಲಾಮಗಿರಿ ಮುಗಿದ ಮೇಲೂ ಹೋಗಲಿಲ್ಲ. ತಂದೆಯ ಪತ್ರಿಕೆಯಲ್ಲೇ ಮೊಳೆ ಜೋಡಿಸಲು ಕಲಿತ ಲೂಯಿಸ್ ಡಗ್ಲಾಸ್, ಅಂತರ್ಯುದ್ಧದಲ್ಲಿ ಸೈನಿಕನಾಗಿ ಹೋರಾಡಿ ಬಂದವರು, 1869ರಲ್ಲಿ ವಾಷಿಂಗ್ಟನ್ನಿನ ಸರಕಾರಿ ಮುದ್ರಣಾಲಯದಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿನ ಮುದ್ರಕರ ಸಂಘ ಅವರಿಗೆ ಸದಸ್ಯತ್ವ ಕೊಡಲಿಲ್ಲ. ಸಂಘದ ಕಾರ್ಡಿಲ್ಲದೆ ಕೆಲಸ ಮಾಡಿದ ದ್ರೋಹಿ ಎಂದು ದೂರಿದರು. ಕಾರ್ಡು ಕೊಡದವರೂ ಅವರೇ! 1838ರಲ್ಲಿ ರಾಬರ್ಟ್ಸ್ ಹುಡುಗರಿಗೆ ಕಸುಬು ಕಲಿಸುವ ಜಾಗ ಬೇಕು ಎಂದದ್ದು, 1869ರ ಈ ಜಗಳ, ಎರಡನ್ನೂ ಒಂದೇ ಫಲಕದಲ್ಲಿ ಎದುರುಬದುರು ಇಡಿ. ವಿವರಣೆ ಬರೆಯುವ ಅಗತ್ಯವೇ ಬೀಳುವುದಿಲ್ಲ.

ಮೊಳೆಪೆಟ್ಟಿಗೆ

ಅಕ್ಕಾರ, ಪ್ರಾತ್ಯಕ್ಷಿಕೆ ಮಾತು ಉಳೀತು. ಮೊದಲು ಒಂದು: ಟ್ರೆಡಲ್ ತೋರಿಸಿ 'ರಾಬರ್ಟ್ಸ್ ಇದರ ಮ್ಯಾಲೇ ಅಚ್ಚು ಹಾಕಿದ್ರು' ಅನಬ್ಯಾಡ್ರಿ. ಕಾಲಿಲೆ ತುಳಿಯೋ ಈ ನಮೂನಿ ಮಷಿನ್ ಬಳಕಿಗೆ ಬಂದದ್ದು 1850ರ ಈಚೆಗೆ. ಮೊಳಿ ಜೋಡಣಿ ಮಾತ್ರ ಆಗಿನದ್ದೇ, ಅದು ಬದಲಾಗಿಲ್ಲ. ಹಂಗೇ ಚೀಟಿ ಬರದು ಹಚ್ಚರಿ.

ಎರಡು ಸಾಲು ಸಾಕು. ಫ್ರೀಡಮ್ಸ್ ಜರ್ನಲ್ ಮೊದಲ ಸಂಚಿಕಾದ ಮಾತು ತಗೋರಿ: 'ವಿ ವಿಶ್ ಟು ಪ್ಲೀಡ್ ಅವರ್ ಓನ್ ಕಾಸ್. ಟೂ ಲಾಂಗ್ ಹ್ಯಾವ್ ಅದರ್ಸ್ ಸ್ಪೋಕನ್ ಫಾರ್ ಅಸ್.' ನಮ್ಮ ಅಹವಾಲು ನಾವೇ ಹೇಳ್ಕೋತೀವಿ, ನಮ್ಮ ಪರವಾಗಿ ಬ್ಯಾರೆಯವರು ಮಾತಾಡಿದ್ದು ಭಾಳ ದಿನ ಆಯ್ತು ಅಂತ. ಕನ್ನಡ ಅರ್ಥ ಬಾಜೂಕ ಕೈಯಿಲೆ ಬರೀರಿ, ಒತ್ತಕ್ಷರ ಇಲ್ಲದ ಕನ್ನಡ ಮೊಳಿ ಮುಟ್ಟಲಿಕ್ಕೇ ಹೋಗಬ್ಯಾಡ್ರಿ. ಮೊದಲನೇ ಸಾಲಿಗೆ ನಡುವಿನ ಸ್ಪೇಸ್, ಪೂರ್ಣವಿರಾಮ ಹಿಡದು 31 ತುಂಡು, ಎರಡನೇದಕ್ಕ 35. ಹಿಂದಿನ ದಿನನೇ ಕೇಸು ತಗದು ನೋಡ್ರಿ: 'ಓ' 9 ಬೇಕು, 'ಇ' 6, 'ಎಸ್' 5, 'ಎನ್' 3, 'ಯು' 3, ದೊಡ್ಡಕ್ಷರ 'ಡಬ್ಲ್ಯು' ಒಂದು, 'ಟಿ' ಒಂದು. ಹಳೀ ಕೇಸಿನ್ಯಾಗ ಹುಡುಗರ ಮುಂದ 'ಓ' ಹುಡುಕ್ಕೋತ ಕುಂತ್ರ ಅರ್ಧ ತಾಸು ಅಲ್ಲೇ ಹೋಗ್ತದ.

ಸ್ಟಿಕ್ ಎಡಗೈಯಾಗ, 24 ಪೈಕಾ ಅಳತಿಗೆ ಬಿಗೀರಿ. ಮೊಳಿ ಮೈಮ್ಯಾಲ ಒಂದು ಗೀರು ಇರ್ತದ, ನಿಕ್ ಅಂತೀವಿ. ಅದು ಹೊರಮುಖ ಮಾಡಿ ಎಡದಿಂದ ಬಲಕ್ಕ ಕೂಡಿಸ್ಕೋತ ಹೋಗಬೇಕು. ಅಕ್ಷರ ತಲಿಕೆಳಗಾಗಿ ಕಾಣ್ತಾವ, ಹಂಗೇ ಓದಬೇಕು, ತಿರುವಿ ಹಿಡೀಬಾರದು. ನಿಕ್ ನೋಡದೇ ಹಾಕಿದ್ರ 'ಎನ್' ಹೋಗಿ 'ಯು' ಆಗ್ತದ. ಈ ವಾಕ್ಯದಾಗ ಎರಡೂ ಮೂರ್ಮೂರು ಅದಾವ, ಹುಡುಗರು ಖಂಡಿತ ಅದಲು-ಬದಲು ಮಾಡ್ತಾರ, ಮಾಡ್ಲಿ ಬಿಡ್ರಿ, ಪ್ರೂಫ್‌ನ್ಯಾಗ ಅವರೇ ಹಿಡೀಲಿ. ಸಾಲು ತುಂಬಿದ ಮ್ಯಾಲ ಸ್ಪೇಸ್ ಹಾಕಿ ಬಿಗಿ ಮಾಡ್ರಿ. ಸ್ಟಿಕ್ ಜರಾ ಬಾಗಿಸಿದ್ರ ಸಾಲು ತಾನೇ ನಿಲ್ಲಬೇಕು, ಆದ್ರ ಬೆರಳಿಲೆ ಎತ್ತಿದ್ರ ಬರಬೇಕು. ಒತ್ತಿ ಒತ್ತಿ ತುರುಕಿದ್ರ ಚೇಸಿನ್ಯಾಗ (ಮೊಳಿ ಬಿಗಿಯೋ ಕಬ್ಬಿಣದ ಚೌಕಟ್ಟು) ಬಾಕಿ ಸಾಲು ಸಡಿಲ ಉಳದು ಮೊಳಿ ಉದುರ್ತಾವ.

ಗ್ಯಾಲಿಗೆ ಇಳಿಸಿ ಸುತ್ತಲೂ ದಾರ ನಾಲ್ಕು ಸುತ್ತು ಬಿಗೀರಿ. ಚೇಸು ಕಟ್ಟಲಿಕ್ಕ ಸಪಾಟ ಕಲ್ಲು ಬೇಕು. ಪಾಲಿಶ್ ಆದ ಶಹಾಬಾದ್ ಫರಸಿ ಒಂದು ಸಾಕು, ಎರಡು ಫೂಟ್ ಚೌಕದ್ದು. ಉಕ್ಕಿನ ಪಟ್ಟಿ ಅಡ್ಡ ಇಟ್ಟು ಕೆಳಗ ಬೆಳಕು ಹಾಯ್ತದೇನು ನೋಡ್ರಿ, ಹಾಯ್ದ್ರ ಆ ಫರಸಿ ಬ್ಯಾಡ. ಕಲ್ಲು ತಗ್ಗು-ದಿಬ್ಬ ಇದ್ರ ಕೆಲವು ಮೊಳಿ ಎದ್ದು ಹಾಳಿ ತೂತ ಮಾಡ್ತಾವ, ಕೆಲವು ಅಚ್ಚೇ ಬೀಳಂಗಿಲ್ಲ. ಸುತ್ತಲೂ ಮರದ ಫರ್ನಿಚರ್ (ಖಾಲಿ ಜಾಗ ತುಂಬೋ ಕಟ್ಟಿಗಿ ಪಟ್ಟಿ) ಇಡ್ರಿ, ಕಾಯಿನ್ (ಬಿಗಿ ಮಾಡೋ ಬೆಣಿ) ಮೊದಲು ಬೆರಳಿಲೆ ಅಷ್ಟೇ ಬಿಗೀರಿ. ಮರದ ತುಂಡು ಮ್ಯಾಲಿಟ್ಟು ಸುತ್ತಿಗಿಲೆ ಹಗೂರ ಬಡದು ಮೊಳಿ ಸಮ ಮಾಡಿ, ಆಮ್ಯಾಲ ಕೀಲಿ ಹಾಕಿ ಪೂರಾ ಬಿಗೀರಿ. ಈ ಕ್ರಮ ತಪ್ಪಿದ್ರ ಎದ್ದ ಮೊಳಿ ಎದ್ದಲ್ಲೇ ಸಿಗೀತದ. ಚೇಸಿನ ಒಂದು ಮೂಲಿ ಅರ್ಧ ಇಂಚು ಎತ್ತಿ ಬೆರಳಿಲೆ ಒತ್ತಿ ನೋಡ್ರಿ, ಒಂದು ಮೊಳಿ ಅಲ್ಲಾಡಿದ್ರೂ ಮಷಿನಿಗೆ ಹಾಕಬಾರದು.

ಮಸಿ ಕಡ್ಲಿಕಾಳಿನಷ್ಟು ಹಚ್ಚಿ ಶುರು ಮಾಡ್ರಿ. ಜಾಸ್ತಿ ಆದ್ರ 'ಇ', 'ಎ' ಹೊಟ್ಟಿ ತುಂಬಿ ಕರಿ ಚುಕ್ಕಿ ಆಗ್ತಾವ. ಏಪ್ರಿಲ್ ಬಿಸಲಾಗ ಮಸಿ ತಾನೇ ತೆಳ್ಳಗಾಗ್ತದ, ಮಷಿನ್ ನೆರಳಾಗ ಇಡ್ರಿ. ನಿಮ್ಮ ರೋಲರ್ ರಬ್ಬರಿಂದ ಆಗಿದ್ರ ಚಿಂತಿ ಇಲ್ಲ. 1840ರ ರೋಲರ್ ಆಗಿದ್ರ ಕಲಬುರಗಿ ಬಿಸಲಿಗೆ ಕರಗಿ ಹೋಗ್ತಿತ್ತು, ಯಾಕಂದ್ರ ಅದು ಚರ್ಮದ ಅಂಟು, ಕಬ್ಬಿನ ಕಾಕಂಬಿ ಕುದಿಸಿ ಎರಕ ಹೊಯ್ದದ್ದು. ಬಾಸ್ಟನ್ನಿನ್ಯಾಗೂ ಬ್ಯಾಸಗಿಗೆ ಅಂಟು ಜಾಸ್ತಿ ಹಾಕಿದ ಬ್ಯಾರೆ ರೋಲರ್ ಬೇಕಾಗ್ತಿತ್ತು. ಇದನ್ನ ಬೇಕಿದ್ರ ಹುಡುಗರಿಗೆ ಬಾಯಿಲೆ ಹೇಳ್ರಿ, ಖುಷಿಯಿಂದ ಕೇಳ್ತಾರ.

ಹಳೀ ಮೊಳಿ ಮ್ಯಾಲ ಬೂದಿ ಬಣ್ಣದ ಪುಡಿ ಕುಂತಿದ್ರ ಬಾಯಿಲೆ ಊದಬ್ಯಾಡ್ರಿ, ಅದು ಸೀಸದ ಪುಡಿ. ಚಿಮಣಿ ಎಣ್ಣಿ ಹಚ್ಚಿದ ಅರಬಿಲೆ ಒರಸ್ರಿ, ಒರಸಿದ ಅರಬಿ ಅಲ್ಲೇ ಬಿಸಾಕಬ್ಯಾಡ್ರಿ. ಮೊಳಿ ಮುಟ್ಟಿದ ಎಲ್ಲಾರೂ ಸಾಬೂನು ಹಚ್ಚಿ ಕೈ ತೊಳೀಬೇಕು, ತಿಂಡಿ ಟೇಬಲ್ ಬ್ಯಾರೆ ಕೋಣಿಯಾಗ ಇರ್ಲಿ. ಟ್ರೆಡಲ್ ತುಳಿಯೋರು ಪಳಗಿದವರೇ ಇರಬೇಕು, ಹುಡುಗರ ಕೈಯಾಗ ಹಾಳಿ ಹಾಕಸಬ್ಯಾಡ್ರಿ. ವಾರಿಯಾದ ಹಾಳಿ ನೆಟ್ಟಗ ಮಾಡ್ಲಿಕ್ಕ ಹೋಗೇ ಬೆರಳು ಸಿಗೋದು. ಹಾಳಿ ಹಾಳಾದ್ರ ಹೋಗ್ಲಿ ಅಂತ ಬಿಟ್ಟು ಮುಂದಿನದ್ದು ಹಾಕಬೇಕು. ಪ್ರದರ್ಶನ ಮುಗಿದ ಕೂಡಲೇ ಗಾಲಿಗೆ ಸರಪಳಿ ಹಾಕಿ ಕೀಲಿ ಜಡದು ಬಿಡ್ರಿ.